ಬಳಗದ ನಡುವಿನ ಒಂಟಿತನ: ಸಾಮಾಜಿಕ ಮಾಧ್ಯಮ, ಯುವಜನರು ಮತ್ತು ಸಭೆಯ ಹೊಣೆ

ಯೌವನಸ್ಥರ ಒಂಟಿತನದ ವಿಷಯ ನಮ್ಮ ಸಭೆಗಳಲ್ಲಿ ಪ್ರಸ್ತಾಪವಾದಾಗಲೆಲ್ಲ ಮಾತು ಬಹುಬೇಗ ಮೊಬೈಲಿನತ್ತ ತಿರುಗುತ್ತದೆ. ಹಿರಿಯರು ಅದನ್ನು ದೂರುತ್ತಾರೆ, ಯುವಜನರು ಮೌನವಾಗುತ್ತಾರೆ, ಹೆಚ್ಚು ಪ್ರಾರ್ಥಿಸಿರಿ ಎಂಬ ಬುದ್ಧಿವಾದದೊಂದಿಗೆ ಸಭಾಪಾಲಕರು ಕೂಟವನ್ನು ಮುಗಿಸುತ್ತಾರೆ. ಇವುಗಳಲ್ಲಿ ಯಾವುದೂ ಬೇನೆಯ ಬೇರನ್ನು ಮುಟ್ಟುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಬೀದರಿನಿಂದಲೋ ಗದಗಿನಿಂದಲೋ ಉಡುಪಿಯಿಂದಲೋ ಬೆಂಗಳೂರಿಗೆ ಹೋಗಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿ, ಕಂಪನಿಯಲ್ಲಿ ನೌಕರನಾಗಿ ದುಡಿಯುತ್ತ, ಪಿ.ಜಿ.ಯ ಕೋಣೆಯೊಂದರಲ್ಲಿ ಮೂವರ ನಡುವೆ ಒಬ್ಬರಾಗಿ ಬದುಕುತ್ತಿರುವ ನಮ್ಮ ಮಕ್ಕಳಿಗೆ ಪರಿಚಿತರ ಕೊರತೆಯಿಲ್ಲ. ಅವರ ಕೈಯಲ್ಲಿರುವ ಯಂತ್ರದಲ್ಲಿ ನೂರಾರು ಹೆಸರುಗಳಿವೆ. ರಾತ್ರಿ ಪಾಳಿ ಮುಗಿಸಿ ಜ್ವರದಲ್ಲಿ ಮಲಗಿರುವಾಗ ಒಂದು ಲೋಟ ಗಂಜಿ ತಂದುಕೊಡಿರೆಂದು ಕೇಳಬಹುದಾದ ಹೆಸರು ಮಾತ್ರ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಈ ಸಂಗತಿಯನ್ನು ಸಮಾಜವಿಜ್ಞಾನದ ಬೆಳಕಿನಲ್ಲಿಯೂ ಸತ್ಯವೇದದ ಬೆಳಕಿನಲ್ಲಿಯೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ಒಂಟಿತನ ಬೇರೆ, ಏಕಾಂತ ಬೇರೆ. ಏಕಾಂತವನ್ನು ಮನುಷ್ಯನು ಬಯಸಿ ಪಡೆಯುತ್ತಾನೆ. ಒಂಟಿತನ ಬಯಸದೆ ಬಂದೊದಗುತ್ತದೆ. ಕರ್ತನು ಮುಂಜಾನೆ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋದದ್ದು ಏಕಾಂತ. ಗೆತ್ಸೇಮನೆಯಲ್ಲಿ ಮೂವರು ಶಿಷ್ಯರು ಕಲ್ಲೆಸೆಯುವಷ್ಟು ದೂರದಲ್ಲಿ ನಿದ್ರೆಹೋಗಿದ್ದಾಗ ಆತನು ಅನುಭವಿಸಿದ್ದು ಒಂಟಿತನ. ಪೌಲ್ ಟಿಲಿಕ್ ಎಂಬ ದೇವಶಾಸ್ತ್ರಜ್ಞರು ಇವೆರಡರ ಭೇದವನ್ನು ವಿವರಿಸಿದ್ದಾರೆ; ಹೆನ್ರಿ ನೌವೆನ್ 1975ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಮೊದಲನೆಯದರಿಂದ ಎರಡನೆಯದಕ್ಕೆ ಸಾಗುವ ದಾರಿಯನ್ನು ಆತ್ಮಿಕ ಜೀವಿತದ ಒಂದು ಪಯಣವೆಂದು ಚಿತ್ರಿಸಿದ್ದಾರೆ. ಸಾಮಾಜಿಕ ಮಾಧ್ಯಮವು ನಮ್ಮ ಯುವಜನರಿಂದ ಕಸಿದುಕೊಂಡಿರುವುದು ಏಕಾಂತವನ್ನೇ ಎಂಬ ಸಂದೇಹ ನಮಗಿದೆ. ಬಸ್ಸಿನ ಪಯಣ, ಊಟದ ಸಾಲು, ನಿದ್ರೆಗೆ ಮುಂಚಿನ ಅರ್ಧ ಗಂಟೆ, ಇವೆಲ್ಲವೂ ಪರದೆಯಿಂದ ತುಂಬಿಹೋಗಿರುವಾಗ ತನ್ನೊಡನೆ ತಾನಿರುವ ಅಭ್ಯಾಸ ತಪ್ಪುತ್ತದೆ. ಆ ಅಭ್ಯಾಸವಿಲ್ಲದವನಿಗೆ ಒಂಟಿಯಾದ ಪ್ರತಿಯೊಂದು ಗಳಿಗೆಯೂ ಶಿಕ್ಷೆಯಾಗಿ ತೋರುತ್ತದೆ.

ಮನಶ್ಶಾಸ್ತ್ರಜ್ಞರು ಒಂಟಿತನವನ್ನು, ಒಬ್ಬನಿಗೆ ಬೇಕಾದ ಸಂಬಂಧಗಳಿಗೂ ಅವನಿಗೆ ಇರುವ ಸಂಬಂಧಗಳಿಗೂ ನಡುವಿನ ಅಂತರದ ನೋವೆಂದು ನಿರೂಪಿಸುತ್ತಾರೆ. ಆದಕಾರಣ ಜನರ ಸಂಖ್ಯೆಯಿಂದ ಅದನ್ನು ಅಳೆಯಲಾಗದು. ರಾಬರ್ಟ್ ವೈಸ್ 1973ರಲ್ಲಿ ಅದರೊಳಗೆ ಎರಡು ಬಗೆಗಳನ್ನು ಗುರುತಿಸಿದರು. ಹತ್ತಿರದ ಒಬ್ಬ ಆಪ್ತನಿಲ್ಲದ ಭಾವನಾತ್ಮಕ ಒಂಟಿತನ ಒಂದು. ತಾನು ಸೇರಿದ ಬಳಗವೊಂದಿಲ್ಲದ ಸಾಮಾಜಿಕ ಒಂಟಿತನ ಮತ್ತೊಂದು. ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಪ್ರಾಣಸ್ನೇಹಿತನಿದ್ದರೂ ಬಳಗವಿಲ್ಲದವನು ನರಳುತ್ತಾನೆ. ಯುವಕರ ಸಂಘದ ಪ್ರತಿ ಕೂಟಕ್ಕೂ ಬರುವ ಹುಡುಗಿಗೆ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲದಿರಬಹುದು. ಈ ಎರಡನೆಯ ಸ್ಥಿತಿಯನ್ನು ನಮ್ಮ ಸಭೆಗಳು ಕಾಣುವುದೇ ಇಲ್ಲ. ಹಾಜರಿ ಚೆನ್ನಾಗಿರುವವರ ಕುರಿತು ಯಾರಿಗೂ ಚಿಂತೆಯಿರುವುದಿಲ್ಲವಲ್ಲ.

ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕಾಸಿಯೋಪ್ಪೊ ಅವರ ವಿವರಣೆ ಇಲ್ಲಿ ಬಹಳ ಉಪಯುಕ್ತವಾಗಿದೆ. ಹಸಿವೆಯು ದೇಹಕ್ಕೆ ಆಹಾರ ಬೇಕೆಂದು ತಿಳಿಸುವಂತೆ, ಒಂಟಿತನವು ಮನುಷ್ಯನಿಗೆ ಮನುಷ್ಯರು ಬೇಕೆಂದು ತಿಳಿಸುವ ಸೂಚನೆ ಎಂದು ಅವರು ಪ್ರತಿಪಾದಿಸಿದರು. ಆದರೆ ಈ ಹಸಿವೆಗೆ ಒಂದು ವಿಲಕ್ಷಣ ಗುಣವುಂಟು. ಬಹುಕಾಲ ತಣಿಯದೆ ಉಳಿದರೆ ಅದು ಮನುಷ್ಯನನ್ನು ಎಚ್ಚರದಲ್ಲಿ, ಅನುಮಾನದಲ್ಲಿ ಇರಿಸುತ್ತದೆ. ಇತರರ ಮೌನವು ತಿರಸ್ಕಾರವಾಗಿ ಕಾಣುತ್ತದೆ. ತಡವಾಗಿ ಬಂದ ಉತ್ತರವು ಅವಮಾನವಾಗಿ ತೋರುತ್ತದೆ. ಆಗ ಒಂಟಿಯಾದವನು ಇನ್ನಷ್ಟು ಹಿಂಜರಿಯುತ್ತಾನೆ, ಹಿಂಜರಿದಷ್ಟೂ ಒಂಟಿಯಾಗುತ್ತಾನೆ. ಸಂದೇಶವನ್ನು ಓದಿದ ಗುರುತಾಗಿ ಎರಡು ನೀಲಿ ಗೆರೆಗಳು ಮೂಡಿದ ಮೇಲೂ ಉತ್ತರ ಬಾರದಿದ್ದರೆ ಅಂಥವನ ಮನಸ್ಸಿನಲ್ಲಿ ಏನು ನಡೆಯುವುದೆಂದು ಊಹಿಸುವುದು ಕಷ್ಟವಲ್ಲ.

ಈ ಬೇನೆಯ ವ್ಯಾಪ್ತಿಯು ಈಗ ಸರಕಾರಗಳ ಗಮನಕ್ಕೂ ಬಂದಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿದವು. ಮಂಡ್ಯ ಜಿಲ್ಲೆಯ ಹಳ್ಳೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ 2023ರಲ್ಲಿ ಒಂಟಿತನವನ್ನು ಸಾಂಕ್ರಾಮಿಕವೆಂದು ಕರೆದು ರಾಷ್ಟ್ರಕ್ಕೆ ಸಲಹಾಪತ್ರ ಹೊರಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. 13ರಿಂದ 29ರ ವಯಸ್ಸಿನವರಲ್ಲಿ ಶೇಕಡಾ 17ರಿಂದ 21ರಷ್ಟು ಮಂದಿ ತಾವು ಒಂಟಿಯೆಂದು ಹೇಳಿಕೊಂಡಿದ್ದಾರೆ. ಒಂಟಿತನವು ಮುಪ್ಪಿನ ಸಂಕಟವೆಂಬ ನಮ್ಮ ರೂಢಿಯ ಕಲ್ಪನೆಯನ್ನು ಈ ಅಂಕಿಗಳು ಅಲ್ಲಗಳೆಯುತ್ತವೆ.

ಮಾಧ್ಯಮದ ದೋಷವೆಷ್ಟು?

ಇಲ್ಲಿ ನಾವು ನ್ಯಾಯವಾಗಿ ತೂಗಬೇಕು. ಅಮೆರಿಕದಲ್ಲಿ 19ರಿಂದ 32 ವಯಸ್ಸಿನ 1,787 ಮಂದಿಯನ್ನು ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸಾಮಾಜಿಕ ಮಾಧ್ಯಮವನ್ನು ಅತಿ ಹೆಚ್ಚು ಬಳಸುವವರಲ್ಲಿಯೇ ತಾವು ಬೇರ್ಪಟ್ಟಿದ್ದೇವೆಂಬ ಭಾವನೆ ಹೆಚ್ಚೆಂದು ಅದು ಕಂಡುಕೊಂಡಿತು. ಆದರೆ ಬಳಕೆಯಿಂದ ಒಂಟಿತನ ಬಂದಿತೋ, ಒಂಟಿಯಾದವರು ಹೆಚ್ಚು ಬಳಸಿದರೋ ಎಂಬ ಪ್ರಶ್ನೆಯನ್ನು ಅಂಥ ಸಮೀಕ್ಷೆ ಬಗೆಹರಿಸಲಾರದು. ಮರುವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮೆಲಿಸ್ಸಾ ಹಂಟ್ ಮತ್ತು ಸಂಗಡಿಗರು 143 ವಿದ್ಯಾರ್ಥಿಗಳನ್ನಿಟ್ಟುಕೊಂಡು ಪ್ರಯೋಗವನ್ನೇ ಮಾಡಿದರು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ಒಂದೊಂದನ್ನೂ ದಿನಕ್ಕೆ ಹತ್ತೇ ನಿಮಿಷ ಬಳಸಿದ ಗುಂಪಿನಲ್ಲಿ ಮೂರು ವಾರಗಳ ಬಳಿಕ ಒಂಟಿತನ ಕಡಿಮೆಯಾಗಿತ್ತು. ಅವರು ಪೂರ್ತಿ ತ್ಯಜಿಸಿರಲಿಲ್ಲ, ಮಿತಗೊಳಿಸಿದ್ದರು ಎಂಬುದನ್ನು ಗಮನಿಸಬೇಕು. ಇತ್ತ ಏಮಿ ಆರ್ಬೆನ್ ಮತ್ತು ಆಂಡ್ರೂ ಪ್ರಿಬಿಲ್‌ಸ್ಕಿ 2019ರಲ್ಲಿ ಹದಿಹರೆಯದವರ ಬೃಹತ್ ಸಮೀಕ್ಷೆಗಳನ್ನು ಮರುಪರಿಶೀಲಿಸಿ, ಅವರ ಕ್ಷೇಮದಲ್ಲಿನ ವ್ಯತ್ಯಾಸದ ಹೆಚ್ಚೆಂದರೆ ಶೇಕಡಾ 0.4 ಭಾಗವನ್ನು ಮಾತ್ರ ಡಿಜಿಟಲ್ ಬಳಕೆಯಿಂದ ವಿವರಿಸಬಹುದೆಂದು ತೋರಿಸಿದರು. ಅಂದಮೇಲೆ ಮೊಬೈಲು ಸೈತಾನನ ಆಯುಧವೆಂಬ ಪ್ರಸಂಗವು ಆವೇಶವನ್ನು ಹುಟ್ಟಿಸಬಹುದು, ಅದರ ಕೆಳಗೆ ನೆಲ ಗಟ್ಟಿಯಾಗಿಲ್ಲ.

ಹಾಗೆಂದು ಮಾಧ್ಯಮವು ನಿರ್ದೋಷಿಯೂ ಅಲ್ಲ. ಫೇಸ್‌ಬುಕ್ಕಿನಲ್ಲಿ ಲೈಕ್ ಗುಂಡಿಯು 2009ರಲ್ಲಿ ಬಂದಿತು. ಅದಕ್ಕೆ ಮುಂಚೆಯೂ ಮನುಷ್ಯನು ಮೆಚ್ಚುಗೆಯನ್ನು ಬಯಸುತ್ತಿದ್ದನು. ಆದರೆ ಆ ಮೆಚ್ಚುಗೆಯು ಅಂಕಿಯಾಗಿ, ಎಲ್ಲರ ಕಣ್ಣೆದುರಿಗೆ, ಗಳಿಗೆ ಗಳಿಗೆಗೆ ಪ್ರಕಟವಾಗುತ್ತಿರಲಿಲ್ಲ. ನಮ್ಮ ದೇಶದಲ್ಲಿ 2016ರ ಬಳಿಕ ಇಂಟರ್ನೆಟ್ ತೀರ ಅಗ್ಗವಾದದ್ದರಿಂದ ಕಲಬುರಗಿಯ ಹಳ್ಳಿಯ ಹುಡುಗನೂ ಈ ಅಂಕಿಯ ಲೋಕಕ್ಕೆ ಒಮ್ಮೆಲೇ ಪ್ರವೇಶಿಸಿದನು. ಮನುಷ್ಯರು ತಮ್ಮನ್ನು ಇತರರೊಡನೆ ಹೋಲಿಸಿಕೊಂಡೇ ತಮ್ಮ ಬೆಲೆಯನ್ನು ಅರಿಯುತ್ತಾರೆಂದು ಲಿಯೊನ್ ಫೆಸ್ಟಿಂಜರ್ 1954ರಲ್ಲಿ ವಾದಿಸಿದ್ದರು. ಆ ಕಾಲದಲ್ಲಿ ಹೋಲಿಕೆಗೆ ಸಿಗುತ್ತಿದ್ದವರು ನೆರೆಹೊರೆಯವರು, ಸಹಪಾಠಿಗಳು. ಅವರ ಹಬ್ಬದ ಬಟ್ಟೆಯ ಜೊತೆಗೆ ಅವರ ಮನೆಯ ಜಗಳವೂ ನಮಗೆ ಕಾಣಿಸುತ್ತಿತ್ತು. ಈಗ ಕಾಣುವುದು ಹಬ್ಬದ ಬಟ್ಟೆ ಮಾತ್ರ. ಇತರರೊಡನೆ ಮಾತಾಡುವುದಕ್ಕಾಗಿ ಈ ಸಾಧನವನ್ನು ಬಳಸುವವರಿಗೂ, ಇತರರ ಬದುಕನ್ನು ಸುಮ್ಮನೆ ನೋಡುತ್ತ ಬೆರಳಾಡಿಸುವವರಿಗೂ ಬಹಳ ವ್ಯತ್ಯಾಸವಿದೆ. ಮನೆಯಿಂದ ದೂರವಿರುವ ಮಗಳು ತಾಯಿಯೊಡನೆ ವಿಡಿಯೋ ಕರೆಯಲ್ಲಿ ಸಾರಿನ ಹದ ಕೇಳುವುದನ್ನು ನಾವು ದೂಷಿಸಿದರೆ ಅದು ಅವಿವೇಕ.

ಸತ್ಯವೇದದ ಸಾಕ್ಷಿ

ಒಂಟಿತನದ ಕುರಿತು ನಮ್ಮ ಭಕ್ತಿಯ ಮಾತುಗಳಲ್ಲಿ ತೀರ ರೂಢಿಯಾಗಿರುವ ಒಂದು ಉತ್ತರವಿದೆ: ಯೇಸು ನಿನ್ನ ಸಂಗಡ ಇರುವಾಗ ನೀನು ಒಂಟಿಯಾಗುವುದು ಹೇಗೆ? ಈ ಪ್ರಶ್ನೆಯನ್ನು ಕೇಳುವವರು ಸದುದ್ದೇಶದಿಂದಲೇ ಕೇಳುತ್ತಾರೆ. ಕೇಳಿಸಿಕೊಂಡವರು ತಮ್ಮ ಒಂಟಿತನದ ಮೇಲೆ ಅಪನಂಬಿಕೆಯ ದೋಷವನ್ನೂ ಹೊತ್ತು ಮನೆಗೆ ಹೋಗುತ್ತಾರೆ. ಆದಿಕಾಂಡದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಈ ಉತ್ತರವು ನಿಲ್ಲಲಾರದು. ಸೃಷ್ಟಿಯ ವೃತ್ತಾಂತದಲ್ಲಿ ಎಲ್ಲವನ್ನೂ ಒಳ್ಳೆಯದೆಂದು ಕಂಡ ದೇವರು ಮೊದಲ ಬಾರಿ ಒಳ್ಳೆಯದಲ್ಲವೆಂದು ಹೇಳುವುದು ಮನುಷ್ಯನ ಒಂಟಿತನವನ್ನು ಕುರಿತು (2:18). ಆಗ ಪಾಪವು ಇನ್ನೂ ಪ್ರವೇಶಿಸಿರಲಿಲ್ಲ. ಆದಾಮನಿಗೂ ದೇವರಿಗೂ ನಡುವೆ ಯಾವ ಅಡ್ಡಗೋಡೆಯೂ ಇರಲಿಲ್ಲ. ದೇವರೇ ಸಂಗಡ ಇರುವಾಗಲೂ ಮನುಷ್ಯನು ಒಂಟಿಯೆಂದು ನಿರ್ಣಯಿಸಿದವರು ದೇವರೇ. ಆದುದರಿಂದ ಒಂಟಿತನದ ನೋವು ಪತನದ ಫಲವಾಗಿರಬೇಕಾಗಿಲ್ಲ, ಭಕ್ತಿಯ ಕೊರತೆಯೂ ಆಗಿರಬೇಕಾಗಿಲ್ಲ; ಅದು ನಮ್ಮ ನಿರ್ಮಾಣದಲ್ಲಿಯೇ ಅಡಕವಾಗಿದೆ. ಕಾಸಿಯೋಪ್ಪೊ ಹಸಿವೆಯೆಂದು ಕರೆದದ್ದನ್ನು ಆದಿಕಾಂಡವು ಬಹು ಹಿಂದೆಯೇ ಬಲ್ಲದು.

ಆ ವಚನದಲ್ಲಿ ಮನುಷ್ಯನಿಗೆ ಬೇಕಾದ ಸಹಕಾರಿಯನ್ನು ಇಬ್ರಿಯ ಮೂಲವು ‘ಕೆನೆಗ್ದೋ’ ಎಂಬ ಪದದಿಂದ ವರ್ಣಿಸುತ್ತದೆ. ಅವನಿಗೆ ಎದುರಾಗಿ ನಿಲ್ಲುವ, ಅವನಿಗೆ ಸರಿಸಮನಾದ ಎಂಬ ಅರ್ಥ ಅದರಲ್ಲಿದೆ. ಪ್ರತಿಬಿಂಬವು ಎದುರಾಗಿ ನಿಲ್ಲುವುದಿಲ್ಲ. ನಾವು ನಕ್ಕಾಗ ನಗುತ್ತದೆ ಅಷ್ಟೆ. ನಮ್ಮ ರುಚಿಗಳನ್ನು ಲೆಕ್ಕಹಾಕಿ ನಮಗೆ ಒಪ್ಪುವುದನ್ನೇ ಮತ್ತೆ ಮತ್ತೆ ತೋರಿಸುವ ಪರದೆಗೆ ಈ ಎದುರುತನವಿಲ್ಲ. ಈ ಭಾಗವನ್ನು ವಿವಾಹದ ಸಂದರ್ಭಕ್ಕೆ ಮಾತ್ರ ಸೀಮಿತಗೊಳಿಸುವ ನಮ್ಮ ಪದ್ಧತಿಯಿಂದಲೂ ಹಾನಿಯಾಗಿದೆ. ಮದುವೆ ಯಾವಾಗ ಎಂಬ ಪ್ರಶ್ನೆಯನ್ನು ಪ್ರತಿ ಭಾನುವಾರ ಆರಾಧನೆಯ ಬಾಗಿಲಲ್ಲಿ ಎದುರಿಸಬೇಕಾದ ಇಪ್ಪತ್ತೆಂಟು ವರ್ಷದವಳು ಕ್ರಮೇಣ ಆ ಬಾಗಿಲಿಗೆ ಬರುವುದನ್ನೇ ಬಿಡುತ್ತಾಳೆ. ಕರ್ತನಾದ ಯೇಸುವೂ ಪೌಲನೂ ಅವಿವಾಹಿತರಾಗಿದ್ದರೆಂಬುದು ನಮಗೆ ಏಕೋ ಥಟ್ಟನೆ ನೆನಪಾಗುವುದಿಲ್ಲ.

ಎಲೀಯನ ವೃತ್ತಾಂತವು (1 ಅರಸು 19) ಇನ್ನೂ ಸ್ಪಷ್ಟವಾಗಿದೆ. ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ ಪ್ರವಾದಿಯು ಬೇರ್ಷೆಬದಲ್ಲಿ ತನ್ನ ಸೇವಕನನ್ನು ಬಿಟ್ಟು ಒಬ್ಬನೇ ಅರಣ್ಯಕ್ಕೆ ಹೋಗುತ್ತಾನೆ. ಉಳಿದಿದ್ದ ಒಬ್ಬ ಜೊತೆಗಾರನನ್ನೂ ತಾನೇ ಹಿಂದೆ ಬಿಡುವುದು, ಬಳಿಕ ನಾನೊಬ್ಬನೇ ಉಳಿದಿದ್ದೇನೆಂದು ದುಃಖಿಸುವುದು: ಒಂಟಿತನದ ವಿಷಚಕ್ರವನ್ನು ಇದಕ್ಕಿಂತ ನಿಖರವಾಗಿ ಯಾವ ಪಠ್ಯಪುಸ್ತಕವೂ ತೋರಿಸಿಲ್ಲ. ನೂರು ಮಂದಿ ಪ್ರವಾದಿಗಳು ಗವಿಗಳಲ್ಲಿ ಬದುಕಿದ್ದಾರೆಂದು ಓಬದ್ಯನು ಹಿಂದಿನ ಅಧ್ಯಾಯದಲ್ಲಿಯೇ ಅವನಿಗೆ ತಿಳಿಸಿದ್ದನು. ತಿಳಿದಿದ್ದರೂ ಪ್ರಯೋಜನವಾಗಲಿಲ್ಲ. ದೇವರ ಉಪಚಾರದ ಕ್ರಮವನ್ನು ನೋಡಿರಿ. ಮೊದಲು ನಿದ್ರೆ, ಬಳಿಕ ದೂತನ ಸ್ಪರ್ಶ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು, ಮತ್ತೆ ನಿದ್ರೆ, ಮತ್ತೆ ಊಟ. ಉಪದೇಶ ಒಂದೂ ಇಲ್ಲ. ಹೋರೇಬಿನಲ್ಲಿಯೂ ಮೊದಲು ಬರುವುದು ಪ್ರಶ್ನೆಯೇ, ಅದೂ ಎರಡು ಸಾರಿ. ಎಲೀಯನು ಅದೇ ದೂರನ್ನು ಎರಡು ಸಾರಿಯೂ ಹೇಳಲು ದೇವರು ಬಿಡುತ್ತಾರೆ. ಆಮೇಲೆ ಆಬೇಲ್ಮೆಹೋಲದವನೂ ಶಾಫಾಟನ ಮಗನೂ ಆದ ಎಲೀಷನ ಹೆಸರು ಬರುತ್ತದೆ. ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನರ ಸಂಖ್ಯೆಯು ಕಟ್ಟಕಡೆಗೆ ಬರುತ್ತದೆ. ನಾವಾಗಿದ್ದರೆ ಬಹುಶಃ ಏಳು ಸಾವಿರದಿಂದಲೇ ಆರಂಭಿಸುತ್ತಿದ್ದೆವು. ಎಲೀಯನ ಜೊತೆ ನಡೆದದ್ದು ಆ ಸಂಖ್ಯೆಯಲ್ಲ. ಹೊಲದಲ್ಲಿ ಉಳುತ್ತಿದ್ದ, ಊರೂ ತಂದೆಯ ಹೆಸರೂ ಉಳ್ಳ ಒಬ್ಬ ಮನುಷ್ಯ.

ಪ್ರಾರ್ಥನೆಯ ಭಾಷೆಯಲ್ಲಿಯೂ ಒಂಟಿತನಕ್ಕೆ ಸ್ಥಳವಿದೆ. ಎಂಬತ್ತೆಂಟನೆಯ ಕೀರ್ತನೆಯು ಕತ್ತಲಲ್ಲಿಯೇ ಮುಗಿಯುತ್ತದೆ, ಬೆಳಕಿನ ಒಂದು ಗೆರೆಯೂ ಕಡೆಗೆ ಕಾಣುವುದಿಲ್ಲ. ಆದರೂ ಅದು ದೇವಜನರ ಕೀರ್ತನಪುಸ್ತಕದಲ್ಲಿ ಉಳಿದಿದೆ. ಶಿಲುಬೆಯ ಮೇಲೆ ಕರ್ತನು ಇಪ್ಪತ್ತೆರಡನೆಯ ಕೀರ್ತನೆಯ ಮೊರೆಯನ್ನು ತನ್ನದಾಗಿ ಮಾಡಿಕೊಂಡನು. ನಮ್ಮ ಯುವಜನರ ಆರಾಧನೆಗಳಲ್ಲಿ ಜಯಘೋಷದ ಹಾಡುಗಳಿಗೆ ಸಿಗುವ ಸ್ಥಾನದಲ್ಲಿ ಹತ್ತನೆಯ ಒಂದು ಪಾಲಾದರೂ ಇಂಥ ಪ್ರಲಾಪಗಳಿಗೆ ಸಿಗಬೇಕು.

ದೂರದ ಮಾತು, ಮುಖದ ದರ್ಶನ

ಹೊಸ ಒಡಂಬಡಿಕೆಯ ದೊಡ್ಡ ಭಾಗವು ಪತ್ರಗಳೆಂಬುದನ್ನು ಮರೆಯಬಾರದು. ದೂರದಲ್ಲಿರುವವರ ನಡುವೆ ಸಂಬಂಧವನ್ನು ಉಳಿಸಲು ಆ ಕಾಲಕ್ಕೆ ಲಭ್ಯವಿದ್ದ ಸಾಧನವನ್ನು ಅಪೊಸ್ತಲರು ಸಂಕೋಚವಿಲ್ಲದೆ ಬಳಸಿದರು. ಜೊತೆಗೆ ಆ ಸಾಧನದ ಮಿತಿಯನ್ನೂ ಹೇಳುತ್ತ ಬಂದರು. ಥೆಸಲೊನೀಕದವರನ್ನು ಬಿಟ್ಟುಬಂದದ್ದನ್ನು ವರ್ಣಿಸಲು ಪೌಲನು ಬಳಸುವ ಗ್ರೀಕ್ ಕ್ರಿಯಾಪದವು ‘ಓರ್ಫನೋಸ್’, ಅಂದರೆ ತಬ್ಬಲಿ ಎಂಬ ಪದದಿಂದ ಹುಟ್ಟಿದ್ದು (1 ಥೆಸ. 2:17). ಹೃದಯದಿಂದ ಅಗಲದಿದ್ದರೂ ಮುಖದಿಂದ ಅಗಲಿದ್ದೇ ಅವನಿಗೆ ತಬ್ಬಲಿತನವಾಯಿತು. ಯೋಹಾನನ ಎರಡನೆಯ ಮತ್ತು ಮೂರನೆಯ ಪತ್ರಗಳ ಕರ್ತೃವು ಬರೆಯಬೇಕಾದದ್ದು ಇನ್ನೂ ಬಹಳವಿದೆಯೆಂದೂ, ಮಸಿಯಲ್ಲಿ ಬರೆಯಲು ಮನಸ್ಸಿಲ್ಲ, ಬಂದು ಮುಖಾಮುಖಿಯಾಗಿ ಮಾತಾಡುವೆನೆಂದೂ ಹೇಳಿ ಲೇಖನಿಯನ್ನು ಕೆಳಗಿಡುತ್ತಾನೆ. ಸೆರೆಯಲ್ಲಿದ್ದ ಪೌಲನು ತಿಮೊಥೆಗೆ ಬರೆಯುವಾಗ ದೇಮನು ತೊರೆದುಹೋದದ್ದನ್ನೂ ಲೂಕನೊಬ್ಬನೇ ಉಳಿದಿರುವುದನ್ನೂ ತಿಳಿಸಿ, ಚಳಿಗಾಲಕ್ಕೆ ಮುಂಚೆ ಬರಬೇಕೆಂದೂ ತ್ರೋವದಲ್ಲಿ ಬಿಟ್ಟ ಮೇಲಂಗಿಯನ್ನು ತರಬೇಕೆಂದೂ ಬೇಡಿಕೊಳ್ಳುತ್ತಾನೆ. ಕರ್ತನು ತನ್ನ ಬಳಿಯಲ್ಲಿ ನಿಂತನೆಂಬ ಸಾಕ್ಷಿಯೂ ಅದೇ ಅಧ್ಯಾಯದಲ್ಲಿದೆ. ಆ ಸಾಕ್ಷಿಗೂ ಮೇಲಂಗಿಯ ಬೇಡಿಕೆಗೂ ನಡುವೆ ಪೌಲನು ವಿರೋಧವನ್ನು ಕಾಣಲಿಲ್ಲ.

2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಸಭೆಗಳು ಆರಾಧನೆಯನ್ನು ಯೂಟ್ಯೂಬಿಗೂ ಫೇಸ್‌ಬುಕ್ಕಿಗೂ ಒಯ್ದವು. ಅದು ಆಗ ಅನಿವಾರ್ಯವಾಗಿತ್ತು, ರೋಗಿಗಳಿಗೂ ವೃದ್ಧರಿಗೂ ಇಂದಿಗೂ ಉಪಕಾರವಾಗಿದೆ. ಆದರೆ ಬೆಂಗಳೂರಿನ ಕೋಣೆಯಲ್ಲಿ ಕುಳಿತು ಊರಿನ ಸಭೆಯ ನೇರಪ್ರಸಾರವನ್ನು ನೋಡುವ ಯುವಕನಿಗೆ ಊರಿನ ಸಭೆಯೂ ಪೂರ್ತಿಯಾಗಿ ಸಿಗುವುದಿಲ್ಲ, ಬೀದಿಯ ಆಚೆಗಿರುವ ಸಭೆಯೂ ಪರಿಚಯವಾಗುವುದಿಲ್ಲ. ಕರ್ತನ ಭೋಜನದ ರೊಟ್ಟಿಯನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳಬೇಕು, ಅದಕ್ಕೆ ನೇರಪ್ರಸಾರವಿಲ್ಲ. ನಮ್ಮ ಯುವಕರ ಸಂಘಗಳ ವಾಟ್ಸ್‌ಆ್ಯಪ್ ಗುಂಪುಗಳ ಸ್ಥಿತಿಯೂ ಚಿಂತನೀಯವಾಗಿದೆ. ಬೆಳಗಿಗೊಂದು ವಚನದ ಚಿತ್ರ, ಅದರ ಕೆಳಗೆ ಕೈಮುಗಿದ ಹತ್ತಾರು ಗುರುತುಗಳು. ಕಳೆದ ಮೂರು ತಿಂಗಳಿಂದ ಒಂದು ಕೈ ಮುಗಿಯುತ್ತಿಲ್ಲವೆಂಬುದನ್ನು ಯಾರೂ ಗಮನಿಸಿರುವುದಿಲ್ಲ.

ಸಭೆಯು ಕುಟುಂಬವಾಗಬೇಕಾದಾಗ ಅದರ ಬೆಲೆಯೇನೆಂಬುದನ್ನು ನಮ್ಮ ನಾಡಿನ ಚರಿತ್ರೆಯೇ ಕಲಿಸಿದೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಬಳಿಕ ದೀಕ್ಷಾಸ್ನಾನ ಹೊಂದಿದ ಅನೇಕರು ಮನೆ, ಜಾತಿ, ಜೀವನೋಪಾಯ ಎಲ್ಲವನ್ನೂ ಒಮ್ಮೆಗೆ ಕಳೆದುಕೊಂಡರು. ಅವರಿಗೆ ಸಾಂತ್ವನದ ವಚನಗಳನ್ನು ಹೇಳಿ ಕಳುಹಿಸಿದ್ದರೆ ಸಭೆ ಉಳಿಯುತ್ತಿರಲಿಲ್ಲ. ನೇಯ್ಗೆಯ ಶಾಲೆ, ಮುದ್ರಣಾಲಯ, 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, ವಾಸಕ್ಕೆ ಮನೆಗಳು, ಇವುಗಳ ಮೂಲಕ ಹೊಸ ಬಂಧುತ್ವಕ್ಕೆ ಒಂದು ನೆಲ ದೊರೆಯಿತು. ಧಣಿಯೂ ಗುರುವೂ ಒಬ್ಬನೇ ಆದಾಗ ಉಂಟಾಗುವ ಪರಾಧೀನತೆಯ ದೋಷವು ಆ ವ್ಯವಸ್ಥೆಯಲ್ಲಿತ್ತು, ನಿಜ. ಆದರೂ ಅನ್ಯೋನ್ಯತೆಗೆ ಸೂರು, ಕೆಲಸ, ಊಟದ ಪಂಕ್ತಿ ಬೇಕೆಂಬ ತಿಳುವಳಿಕೆ ಅದರಲ್ಲಿತ್ತು. ಮಂಗಳೂರಿನ ಕಥೋಲಿಕ ಸಭೆಯಲ್ಲಿ ವಾರ್ಡಿಗೊಬ್ಬ ಗುರಿಕಾರನಿದ್ದು ತನ್ನ ಪಾಲಿನ ಮನೆಗಳ ಸುಖದುಃಖಗಳನ್ನು ವಿಚಾರಿಸುವ ಪದ್ಧತಿಯೂ ಇದೇ ತಿಳುವಳಿಕೆಯದು.

ಹಾಗಾದರೆ ಇಂದು ಮಾಡಬೇಕಾದದ್ದೇನು? ಡೀಟ್ರಿಕ್ ಬೋನ್‌ಹಾಫರ್ ತಮ್ಮ ಗುಪ್ತ ಸೆಮಿನರಿಯ ಅನುಭವದಿಂದ 1939ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಏಕಾಂತವನ್ನು ಸಹಿಸಲಾರದವನು ಸಹಜೀವನಕ್ಕೂ, ಸಹಜೀವನವನ್ನು ಸಹಿಸಲಾರದವನು ಏಕಾಂತಕ್ಕೂ ಅಂಜಬೇಕೆಂಬ ಅಭಿಪ್ರಾಯವನ್ನು ಮುಂದಿಟ್ಟರು. ನಾವು ಎರಡನ್ನೂ ಕಲಿಸಬೇಕಾಗಿದೆ. ಮೊಬೈಲನ್ನು ಬದಿಗಿಟ್ಟು ಅರ್ಧ ಗಂಟೆ ಮೌನವಾಗಿ ಕೂರುವುದನ್ನು ಯುವಜನರ ಶಿಬಿರಗಳಲ್ಲಿ ಅಭ್ಯಾಸ ಮಾಡಿಸಬಹುದು. ಮೊದಮೊದಲು ಅದು ಅವರಿಗೆ ಉಪವಾಸಕ್ಕಿಂತ ಕಠಿಣವಾಗಿರುತ್ತದೆ. ಸಹಜೀವನದ ವಿಷಯದಲ್ಲಿ ನಮ್ಮ ಸೂಚನೆ ತೀರ ಸಾಮಾನ್ಯವಾದದ್ದು. ಯುವಕನೋ ಯುವತಿಯೋ ಊರು ಬಿಟ್ಟು ಹೋಗುವಾಗ ಸಭಾಪಾಲಕರು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಿದರಷ್ಟೇ ಸಾಲದು. ಅಲ್ಲಿನ ಸಭಾಪಾಲಕರಿಗೆ ಕರೆಮಾಡಿ ಹೆಸರು ಹೇಳಿ ಒಪ್ಪಿಸಬೇಕು. ಪೌಲನು ರೋಮಿನ ಸಭೆಗೆ ಫೊಯಿಬೆಯನ್ನು ಒಪ್ಪಿಸಿದ್ದು ಹಾಗೆಯೇ. ಅದೇ ಅಧ್ಯಾಯದಲ್ಲಿ ಅವನು ಎರಡು ಡಜನಿನಷ್ಟು ಮಂದಿಯನ್ನು ಹೆಸರು ಹಿಡಿದು ವಂದಿಸುತ್ತಾನೆ. ಸಭೆಯು ಪ್ರಿಸ್ಕಳ ಮತ್ತು ಅಕ್ವಿಲನ ಮನೆಯಲ್ಲಿ ಕೂಡುತ್ತಿತ್ತೆಂದೂ ತಿಳಿಸುತ್ತಾನೆ. ನಗರದ ಸಭೆಗಳಲ್ಲಿ ತಿಂಗಳಿಗೊಮ್ಮೆ ಪಿ.ಜಿ.ಯಲ್ಲಿರುವ ಇಬ್ಬರನ್ನು ಮನೆಯ ಊಟಕ್ಕೆ ಕರೆಯಬಲ್ಲ ಹತ್ತು ಕುಟುಂಬಗಳು ಇಲ್ಲವೆಂದರೆ ನಾವು ನಂಬಲಾರೆವು. ಪಾಳಿಯಲ್ಲಿ ದುಡಿಯುವ ಶುಶ್ರೂಷಕಿಯರಿಗೆ ಭಾನುವಾರದ ಮುಂಜಾನೆಯ ಆರಾಧನೆ ಅನೇಕ ವಾರ ತಪ್ಪುತ್ತದೆಂಬುದನ್ನು ಅರಿತು ವಾರದ ಮಧ್ಯದಲ್ಲೊಂದು ಸಂಜೆಯ ಕೂಟವನ್ನೂ ಇರಿಸಬೇಕು. ಊಟಕ್ಕೆ ಬಂದವರಿಗೆ ಪ್ರಸಂಗ ಮಾಡುವ ಅಗತ್ಯವಿಲ್ಲ.

ಕಡೆಯದಾಗಿ ಸಭಾಪಾಲಕರಾಗಲಿರುವ ನಮ್ಮ ವಿದ್ಯಾರ್ಥಿಗಳಿಗೆ ಒಂದು ವಿಷಯವನ್ನು ಒತ್ತಿಹೇಳಬೇಕಾಗಿದೆ. ಎಲೀಯನು ಸಾವನ್ನು ಬೇಡಿಕೊಂಡನೆಂಬುದು ಅವನ ಕಥೆಯ ಅಲಂಕಾರವಲ್ಲ. ಒಂಟಿತನವು ಖಿನ್ನತೆಗೆ ತಿರುಗಿ, ಬದುಕುವುದು ಬೇಡವೆಂಬ ಮಾತು ಯೌವನಸ್ಥರ ಬಾಯಿಂದಲೋ ಸ್ಟೇಟಸ್ಸಿನಲ್ಲೋ ಬಂದರೆ ಅದನ್ನು ಹುಡುಗಾಟವೆಂದು ಭಾವಿಸದೆ ಆ ದಿನವೇ ಹೋಗಿ ನೋಡಬೇಕು. ನೇರವಾಗಿ ಕೇಳುವುದರಿಂದ ಆ ಆಲೋಚನೆ ಹುಟ್ಟುತ್ತದೆಂಬ ಭಯ ಬೇಡ. ಪ್ರಾರ್ಥಿಸಿರಿ, ಸಂಗಡ ಇರಿರಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಮೊಬೈಲ್ ಮತ್ತು ಇಂಟರ್ನೆಟ್ ಬಳಕೆಯ ತೊಂದರೆಗಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಷಟ್’ ಎಂಬ ಚಿಕಿತ್ಸಾಲಯವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಸಭೆಯ ಸೂಚನಾಫಲಕದಲ್ಲಿಯೂ ಯುವಕರ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಹಾಕಿರಿ.